ನಾಲ್ಕು ಊರಿನ ಹರಳು

ಮೂರು ವರ್ಷ ನನ್ನ ಹೆಂಡತಿಗೆ ಪಕ್ಕೆ ನೋಯುತ್ತಿತ್ತು. ಅದೇ ಮೂರು ವರ್ಷ ನಾನು ಊರೂರು ಅಲೆದು, ಮೂತ್ರದ ಹರಳು ಯಾರಿಗೆ ಬಂದಿದೆ, ಯಾಕೆ ಬಂದಿದೆ ಎಂದು ಕಂಡಕಂಡವರನ್ನು ಕೇಳುತ್ತಿದ್ದೆ. ಒಂದೇ ಸೂರಿನ ಕೆಳಗಿದ್ದ ಈ ಎರಡು ಸಂಗತಿಗಳನ್ನು ಕೂಡಿಸಿ ನೋಡುವ ಬುದ್ಧಿ ನನಗೆ ಬರಲಿಲ್ಲ. ಬರುವ ಹೊತ್ತಿಗೆ ಅವಳು ಉಳಿಯುತ್ತಾಳೋ ಇಲ್ಲವೋ ಎಂಬಲ್ಲಿಗೆ ಬಂದು ನಿಂತಿತ್ತು. ಜೀವಮಾನವೆಲ್ಲ ಬೇರೆಯವರ ತಪ್ಪಿಗೆ ಕೆಂಪು ಗೀಟು ಎಳೆದ ಮಾಸ್ತರ ನಾನು. ನನ್ನ ತಪ್ಪನ್ನು ಮಾತ್ರ ಮಡಚಿ ಇಟ್ಟುಕೊಂಡರೆ ಚೆನ್ನಾಗಿರುವುದಿಲ್ಲ.

ಶುರುವಾದದ್ದು ನನ್ನ ಹೊಟ್ಟೆಯಿಂದಲೇ. ಮೂವತ್ತರ ದಶಕ ಮುಗಿಯುತ್ತ ಬಂದಿತ್ತು. ಹಾನಗಲ್ಲಿನ ಕನ್ನಡ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಗೆ ಕಲಿಸುತ್ತಿದ್ದೆ. ಒಂದು ಮಧ್ಯಾಹ್ನ ಬೋರ್ಡಿನ ಮೇಲೆ ಭಾಗಾಕಾರ ಬರೆಯುತ್ತಿದ್ದಾಗ ಬಲಗಡೆಯ ಬೆನ್ನಿನಿಂದ ಹೊರಟ ನೋವು ತೊಡೆಯ ಸಂದಿಗೆ ಇಳಿಯಿತು. ಕುಳಿತರೆ ನಿಲ್ಲಬೇಕು, ನಿಂತರೆ ಮಲಗಬೇಕು, ಮಲಗಿದರೆ ಉರುಳಬೇಕು. ಹೆಡ್‌ಮಾಸ್ತರರು ಎತ್ತಿನ ಬಂಡಿಯಲ್ಲಿ ಹಾಕಿ ಮನೆಗೆ ಕಳಿಸಿದರು. ಹೆಂಡತಿ ಬಾಳೆದಿಂಡಿನ ರಸ ಹಿಂಡಿದಳು, ಹುರುಳಿ ಕುದಿಸಿ ಕಟ್ಟು ಬಸಿದಳು, ನೆಗ್ಗಿಲಮುಳ್ಳಿನ ಕಷಾಯ ಮಾಡಿದಳು. ಐದನೆಯ ದಿನ ಮೂತ್ರಕ್ಕೆಂದು ಇಟ್ಟ ತಗಡಿನ ಡಬ್ಬಿಯಲ್ಲಿ ಟಣ್ ಎಂದು ಸಪ್ಪಳವಾಯಿತು. ನೋಡಿದರೆ ಜೋಳದ ಕಾಳಿಗಿಂತ ಸಣ್ಣದು. ಇಷ್ಟು ಚಿಕ್ಕದಕ್ಕೆ ನಾನು ಅಷ್ಟೆಲ್ಲ ಒದರಿದೆನೇ ಎಂದು ನಾಚಿಕೆಯಾಯಿತು.

ಸುದ್ದಿ ಹರಡಿ ಮಂದಿ ನೋಡಲು ಬಂದರು. ಬಂದವರು ಬರಿಗೈಯಲ್ಲಿ ಬರಲಿಲ್ಲ ಎಂಬುದೇ ನನ್ನನ್ನು ಕೆಡಿಸಿದ್ದು. ಕಬ್ಬು ಬೆಳೆಯುವ ಒಬ್ಬ ಯಜಮಾನರು ನನ್ನ ಹರಳನ್ನು ಅಂಗೈಯಲ್ಲಿ ಹೊರಳಿಸಿ, "ಮಾಸ್ತರ್ರ, ನಿಮ್ಮದೇನ್ ಮಹಾ ಬಿಡ್ರಿ, ಇದನ್ನ ನೋಡ್ರಿ ಸ್ವಲ್ಪ" ಎಂದು ನಶ್ಯದ ಡಬ್ಬಿ ತೆರೆದರು. ಒಳಗೆ ಹತ್ತಿಯ ಮೇಲೆ ಕಂದು ಬಣ್ಣದ, ಮೈತುಂಬ ಮುಳ್ಳಿನ ಹರಳು. ಅಡಿಕೆ ದಲಾಲರೊಬ್ಬರು ಬೆಂಕಿಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರು. ಬೀದಿಯ ಪತ್ತಾರ ತನ್ನ ತಕ್ಕಡಿ ತಂದು ಎಲ್ಲವನ್ನೂ ಗುಲಗಂಜಿಯ ಎದುರು ತೂಗಿದ. ತನ್ನದೂ ಒಂದು ಇತ್ತು ಎಂದು ಕಡೆಗೆ ಹೇಳಿದ. ಒಂದೇ ಬೀದಿಯಲ್ಲಿ ಇಷ್ಟು ಜನರಿಗಾದರೆ ಊರಿನಲ್ಲಿ ಎಷ್ಟು ಜನರಿಗೆ? ನಮ್ಮ ಕಡೆಯ ಮಣ್ಣಿನಲ್ಲಿದೆಯೋ, ನೀರಿನಲ್ಲಿದೆಯೋ, ನಾವು ತಿನ್ನುವ ರೊಟ್ಟಿಯಲ್ಲಿದೆಯೋ? ನೋವು ಹೋಯಿತು, ಈ ಪ್ರಶ್ನೆ ಮಾತ್ರ ಹೋಗಲಿಲ್ಲ.

ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಗಳಲ್ಲಿ ಗೀಟು ಹೊಡೆದು ಊರು, ವಯಸ್ಸು, ಕಸುಬು, ಕುಡಿಯುವ ನೀರು ಎಂದು ಬರೆಯಲು ಶುರುಮಾಡಿದೆ. ಸಂತೆಯಲ್ಲಿ, ಚಹದ ಅಂಗಡಿಯಲ್ಲಿ, ಕಚೇರಿಯ ಕಟ್ಟೆಯ ಮೇಲೆ, ಆರಾಮೇನ್ರಿ ಎಂದು ಕೇಳಿದವನೇ ಹರಳೇನರೆ ಬಂದಿತ್ತೇನ್ರಿ ಎಂದು ಕೇಳಿಬಿಡುತ್ತಿದ್ದೆ. ಕೆಲವರು ದೂರದಿಂದ ನನ್ನನ್ನು ಕಂಡು ಸಂದಿ ಹೊಗುತ್ತಿದ್ದರು. ಆದರೆ ಹೆಚ್ಚಿನವರು ಸಂತೋಷದಿಂದ ಹೇಳುತ್ತಿದ್ದರು. ಗಂಡಸು ತನ್ನ ಬೇನೆಯ ಕತೆಯನ್ನು ಇಷ್ಟು ಹೆಮ್ಮೆಯಿಂದ ಹೇಳುವುದನ್ನು ನಾನು ಬೇರೆ ಯಾವ ರೋಗದಲ್ಲೂ ಕಂಡಿಲ್ಲ. ಕೆಲವರು ಹರಳನ್ನೇ ನನಗೆ ಕೊಟ್ಟರು. ಊರಿನ ಹೆಸರು ಬರೆದು ಕಾಗದದ ಪೊಟ್ಟಣ ಕಟ್ಟಿ ಇಟ್ಟುಕೊಂಡೆ.

ಮುಂದಿನ ವರ್ಷ ಹಿರೇಕೆರೂರ ಕಡೆಯ ಅಬಲೂರಿಗೆ ವರ್ಗವಾಯಿತು. ಅಲ್ಲಿನ ಹಳೆಯ ಗುಡಿಯ ಶಾಸನಗಳನ್ನು ಓದಲು ದೂರದಿಂದ ಪಂಡಿತರು ಬರುತ್ತಿದ್ದರು. ನಾನು ಊರಿನವರ ಹೊಟ್ಟೆಯಲ್ಲಿನ ಕಲ್ಲು ವಿಚಾರಿಸುತ್ತ ಕುಳಿತಿದ್ದೆ. ಹಾನಗಲ್ಲಿನಲ್ಲಿ ಕೆರೆಯ ನೀರು, ಗದ್ದೆ, ಅನ್ನ. ಇಲ್ಲಿ ಮಳೆ ನಂಬಿದ ಹೊಲ, ರೊಟ್ಟಿ, ಸವುಳು ನೀರಿನ ಬಾವಿ. ಹಂಡೆಯ ತಳದಲ್ಲಿ ಬಿಳಿಯ ಹಕ್ಕಳೆ ಕಟ್ಟುತ್ತಿತ್ತು. ಅದನ್ನು ಕೆರೆದು ಉಗುರಿನಲ್ಲಿ ಪುಡಿಮಾಡಿ ನೋಡಿ, ಸಿಕ್ಕಿತು ಕಳ್ಳ ಎಂದುಕೊಂಡೆ. ಹೆಂಡತಿಗೆ ಆ ಬಾವಿಯ ನೀರು ಬೇಡವೇ ಬೇಡ ಎಂದೆ. ಅವಳು ದಿನಾ ಊರಾಚೆಯ ಹೊಲದ ಬಾವಿಯಿಂದ ಎರಡೆರಡು ಕೊಡ ಹೊತ್ತು ತರತೊಡಗಿದಳು. ನೀರು ಕುದಿಸಿ, ಬಟ್ಟೆಯಲ್ಲಿ ಸೋಸಿ, ತಾಸಿಗೊಂದು ಚರಿಗೆಯಂತೆ ಸಾಲೆಯಲ್ಲಿದ್ದ ನನಗೆ ಮುಟ್ಟುವಂತೆ ಮಾಡುತ್ತಿದ್ದಳು. ಅವಳು ಎಷ್ಟು ಕುಡಿಯುತ್ತಾಳೆ ಎಂದು ನಾನು ಕೇಳಲಿಲ್ಲ. ತರುವವಳೇ ಅವಳು, ಬೇಕಾದಷ್ಟು ಕುಡಿದಿರುತ್ತಾಳೆ ಎಂದುಕೊಂಡಿದ್ದೆ.

ಅವಳ ಪಕ್ಕೆನೋವು ಕಾಣಿಸಿಕೊಂಡದ್ದು ಅಲ್ಲಿಯೇ. ಒಲೆಯ ಮುಂದೆ ಕುಳಿತವಳು ಒಮ್ಮೆಲೇ ಎದ್ದು ಗೋಡೆ ಹಿಡಿದು ನಿಲ್ಲುತ್ತಿದ್ದಳು. ಏನಾಯಿತು ಎಂದರೆ, "ಏನಿಲ್ಲರಿ, ವಾಯು ಹಿಡದೈತಿ" ಎನ್ನುತ್ತಿದ್ದಳು. ನಾನು ಓಂಕಾಳು, ಶುಂಠಿ ತಂದುಕೊಟ್ಟೆ. ನೀರು ಹೊತ್ತು ಸೊಂಟ ಉಳುಕಿರಬೇಕು ಎಂದೂ ಒಮ್ಮೆ ಅನಿಸಿತು. ಆದರೆ ಬಾವಿ ಬದಲಿಸಲಿಲ್ಲ.

ಹರಳು ಎಂಬ ಯೋಚನೆ ಯಾಕೆ ಬರಲಿಲ್ಲ ಎಂದರೆ, ನನ್ನ ಪುಸ್ತಕದ ಮೊದಲ ಹಾಳೆಯಲ್ಲಿ "ಇದು ಗಂಡಸರ ಬೇನೆ" ಎಂದು ಬರೆದು ಎರಡು ಗೀಟು ಎಳೆದಿದ್ದೆ. ಪುಟಗಟ್ಟಲೆ ಬರೆದದ್ದರಲ್ಲಿ ಒಂದೇ ಒಂದು ಹೆಂಗಸಿರಲಿಲ್ಲ. ಇದಕ್ಕಿಂತ ಪುರಾವೆ ಏನು ಬೇಕು? ನಾನು ಕೇಳಿದ ಕಟ್ಟೆ, ಸಂತೆ, ಚಹದ ಅಂಗಡಿಗಳಲ್ಲಿ ಕೂರುವವರೆಲ್ಲ ಗಂಡಸರು ಎಂಬುದು ಹೊಳೆಯಲೇ ಇಲ್ಲ. ಭಾಗಾಕಾರದಲ್ಲಿ ಹುಡುಗರು ಇಂಥ ತಪ್ಪು ಮಾಡಿದ್ದರೆ ಕಿವಿ ಹಿಂಡುತ್ತಿದ್ದೆ.

ಲಡಾಯಿ ಜೋರಾಗಿ ಸೀಮೆಎಣ್ಣೆಗೆ ರೇಶನ್ ಚೀಟಿ ಬಂದ ಕಾಲಕ್ಕೆ ನಾವು ಶಿಗ್ಗಾವಿಗೆ ಬಂದೆವು. ಅಲ್ಲಿಂದ ಸವಣೂರು ಹತ್ತಿರ. ಹೆಂಡತಿಯ ಅಕ್ಕನನ್ನು ಅಲ್ಲಿಗೆ ಕೊಟ್ಟಿದ್ದರು. ಪಂಚಮಿಗೆಂದು ಹೋದಾಗ ಎಲೆಬಳ್ಳಿಯ ತೋಟಗಳನ್ನು, ಬೆಳಗಿನಿಂದ ಸಂಜೆಯವರೆಗೆ ಎಲೆಗೆ ಸುಣ್ಣ ತೀಡುವ ಮಂದಿಯನ್ನು ಕಂಡು ನನಗೆ ಹೊಸದೊಂದು ಹೊಳೆಯಿತು. ಹಂಡೆಯ ತಳದ ಬಿಳಿ ಹಕ್ಕಳೆಯೂ ಸುಣ್ಣದಂಥದೇ, ತಾಂಬೂಲದಲ್ಲಿರುವುದೂ ಸುಣ್ಣವೇ. ಸವಣೂರಿನಲ್ಲಿ ಹರಳಿಗೆ ಹೆಸರಾದ ಹಕೀಮರಿದ್ದರು. ಮಸೀದಿಯ ಹಿಂದಿನ ಓಣಿಯಲ್ಲಿ ಅವರ ಮನೆ. ಸೌತೆಬೀಜ, ಕಲ್ಲಂಗಡಿಬೀಜ ಅರೆದು ಏನೋ ಬೇರು ಸೇರಿಸಿ ಕೊಡುತ್ತಿದ್ದರು. ನನ್ನ ಸುಣ್ಣದ ವಿಚಾರ ಕೇಳಿ ಅವರು ನಕ್ಕರು.

"ಸುಣ್ಣ ತಿಂದ್ರ ಹರಳಾಗ್ತಿದ್ರ ಸವಣೂರಾಗ ಒಬ್ಬರೂ ಉಳೀತಿದ್ದಿಲ್ಲರಿ ಮಾಸ್ತರ್‌ಸಾಬ್. ನೀವು ಯಾರ್ಯಾರನ್ನ ಕೇಳೀರಿ?"

ಪುಸ್ತಕ ತೆರೆದು ತೋರಿಸಿದೆ. ಕನ್ನಡಕ ಏರಿಸಿ ನೋಡಿದರು.

"ಎಲ್ಲಾ ಗಂಡಸರ ಅದಾರಲ್ಲರಿ."

"ಹೌದ್ರಿ, ಅವರಿಗೇ ಬರೂದದು."

"ನನ್ನ ಕಡೆ ಔಷಧ ಒಯ್ಯವರೂ ಗಂಡಸರರಿ. ಕುಡಿಯವರು ಯಾರಂತ ನಾ ಕೇಳೂದಿಲ್ಲ" ಎಂದು ಅವರು ಬೀಜ ಅರೆಯಲು ತೊಡಗಿದರು.

ಹಕೀಮರು ನನ್ನ ಪ್ರಶ್ನೆಗೆ ಉತ್ತರ ಹೇಳಲಾರದೆ ಮಾತು ತಿರುಗಿಸಿದರು ಎಂದು ನಾನು ತಿಳಿದುಕೊಂಡೆ. ಬರುವಾಗ ಬಂಡಿಯಲ್ಲಿ ಹೆಂಡತಿಗೆ ಅದನ್ನೇ ಹೇಳಿ ನಕ್ಕೆ. ಅವಳು ನಗಲಿಲ್ಲ. ಪಕ್ಕೆಗೆ ಸೀರೆಯ ಗಂಟು ಒತ್ತಿ ಹಿಡಿದು ಕುಳಿತಿದ್ದಳು.

ಶಿಗ್ಗಾವಿಯ ಮನೆಯ ವಿಷಯ ಸ್ವಲ್ಪ ಹೇಳಬೇಕು. ಓಣಿಯ ಎರಡೂ ಬದಿಗೆ ಒಂದಕ್ಕೊಂದು ಅಂಟಿದ ಮನೆಗಳು. ಎಲ್ಲ ಮನೆಯ ಬಚ್ಚಲೂ ಬೀದಿಯ ಕಡೆಗೇ. ನೀರು ಹೋಗುವ ಕಂಡಿ ನೇರ ಗಟಾರಕ್ಕೆ. ನಮ್ಮ ಬಚ್ಚಲ ಕಂಡಿಯ ಎದುರಿಗೇ ಬೇವಿನಮರದ ಕಟ್ಟೆ. ಸುಗ್ಗಿ ಮುಗಿದು ಕೆಲಸವಿಲ್ಲದ ದಿನಗಳಲ್ಲಿ ಓಣಿಯ ಗಂಡಸರೆಲ್ಲ ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಕುಳಿತು ಹುಲಿಮನೆ ಆಡುತ್ತಿದ್ದರು. ನಾನೂ ಎಷ್ಟೋ ಸಲ ಕುಳಿತಿದ್ದೇನೆ. ಆ ಕಟ್ಟೆಯ ಮೇಲೆ ನನ್ನ ಪುಸ್ತಕದ ಎರಡು ಪುಟ ತುಂಬಿದ್ದವು.

ಆ ಬೇಸಿಗೆಯಲ್ಲಿ ಸಾಲೆ ಬೆಳಗಿನ ಹೊತ್ತು ಮಾತ್ರ ಇತ್ತು. ಹುಡುಗರು ಹೋದ ಮೇಲೆ ನಾನು ಪೇಪರು ತಿದ್ದುತ್ತ ಕುಳಿತಿದ್ದಾಗ ಪಕ್ಕದ ಮನೆಯ ಮುದುಕಿ ಬಿಸಿಲಿನಲ್ಲಿ ಓಡುತ್ತ ಬಂದಳು. ಓಣಿಯಲ್ಲಿ ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು. "ಮಾಸ್ತರ್ರ, ಲಗೂನ ಬರ್ರಿ, ಅಕ್ಕಾವ್ರು ನೆಲಕ್ಕ ಬಿದ್ದ ಹೊಳ್ಳ್ಯಾಡಾಕತ್ತಾರ" ಎಂದಳು.

ಮನೆಗೆ ಬಂದು ನೋಡಿದರೆ ಹೆಂಡತಿ ಕುಳಿತಳು, ಎದ್ದಳು, ಮತ್ತೆ ಮಲಗಿ ಉರುಳಿದಳು. ಮೈ ಕಾದ ಹಂಚಾಗಿತ್ತು. ಆ ಉರುಳಾಟ ನನಗೆ ಗೊತ್ತಿತ್ತು. ಹಾನಗಲ್ಲಿನ ಮನೆಯಲ್ಲಿ ನಾನೇ ಹಾಗೆ ಉರುಳಿದ್ದೆ. ಆದರೂ ನನ್ನ ಬಾಯಿಂದ ಬಂದದ್ದು, "ವಾಯು ಭಾಳ ಆಗೇತೇನ?" ಎಂಬ ಮಾತು.

"ಎಲ್ಲಿ ವಾಯುರಿ! ಹರಳ ಐತದು" ಎಂದಳು ಆಯಿ. "ನನಗೂ ಬಂದಿತ್ತು, ನನ್ನ ಸೊಸಿಗೂ ಬಂದಿತ್ತು. ಆ ಮೂಲಿಮನಿ ಹುಡುಗಿಗೆ ಹೋದ ಬ್ಯಾಸಗ್ಯಾಗ ಬಿತ್ತು."

"ಹೆಣ್ಣಮಕ್ಕಳಿಗೆ ಬರೂದಿಲ್ಲಲ್ಲ?"

"ಯಾರ್ ಹೇಳ್ಯಾರ?"

ನಾನೇ ಹೇಳಿದ್ದೆ, ಎರಡು ಗೀಟು ಎಳೆದು. ಆ ಕ್ಷಣ ಆದ ಅಪಮಾನವನ್ನು ಇಂದಿಗೂ ಮರೆತಿಲ್ಲ. ಅಪಮಾನಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ದವಾಖಾನೆಯ ಡಾಕ್ಟರರು ಬಂದು ಹೊಟ್ಟೆ ಒತ್ತಿ ನೋಡಿ ಒಂದು ಸೂಜಿ ಚುಚ್ಚಿದರು. ನಿನ್ನೆಯಿಂದ ಮೂತ್ರ ಹೋಗಿಲ್ಲ, ಜ್ವರ ಏರಿದೆ, ಇದು ಹೀಗೇ ನಿಂತರೆ ವಿಷವಾಗುತ್ತದೆ ಎಂದರು. "ನೀರು ಕುಡಸ್ರಿ, ಚರಿಗಿಗಟ್ಟಲೆ ಕುಡಸ್ರಿ. ಸಂಜೀತನಕ ದಾರಿ ಬಿಡಲಿಲ್ಲಂದ್ರ ರೈಲಿಗೆ ಒಯ್ದು ದೊಡ್ಡ ಆಸ್ಪತ್ರ್ಯಾಗ ಕೊಯ್ಸಬೇಕಾಗ್ತೈತಿ. ಅಲ್ಲೀತನಕ ತಾಳ್ತಾರಂತ ಖಾತ್ರಿ ಕೊಡಲಾರೆ" ಎಂದು ನನ್ನನ್ನು ಬಾಗಿಲಾಚೆ ಕರೆದು ಹೇಳಿ ಹೋದರು.

ನಾನು ಚರಿಗೆ ತುಂಬಿ ಅವಳ ಬಾಯಿಗೆ ಹಿಡಿದೆ. ಅವಳು ತುಟಿ ಬಿಗಿದಳು.

"ಹೊತ್ತ ಮುಳಗಲಿರಿ, ಆಮ್ಯಾಲೆ ಕುಡೀತೇನಿ."

ಕೇಳಿದ್ದನ್ನು ನಂಬಲಾಗಲಿಲ್ಲ. ಬೇಡಿಕೊಂಡೆ. ಅವಳು ಮುಖ ಆಚೆ ತಿರುಗಿಸಿದಳು. ನನ್ನ ಸಿಟ್ಟು ಊರಿಗೇ ಗೊತ್ತು. ಸಾಯುವ ಹೊತ್ತಿನಲ್ಲಿ ಇದೆಂಥ ಹಟ ಎಂದು ಕೂಗಿಬಿಟ್ಟೆ. ಆಯಿ ನನ್ನ ಕೈಯಿಂದ ಚರಿಗೆ ಕಿತ್ತುಕೊಂಡಳು.

"ಒದರಬ್ಯಾಡ್ರಿ. ಕುಡಿ ಅನ್ನೂದು ಹಗರ. ಕುಡದ್ರ ಹೋಗೂದೆಲ್ಲಿ?"

"ಬಚ್ಚಲೈತೆಲ್ಲ?"

"ಬಚ್ಚಲಾ! ಕಂಡಿ ಎದುರಿಗೆ ನೀವೆಲ್ಲಾ ಕುಂತಿರ್ತೀರಿ. ಗಟಾರದಾಗ ಏನ್ ಹರೀತೈತಿ ಅಂತ ನೋಡಕೊಂತ. ಬೆಳಿ ನಿಂತಾಗ ಹೊಲಕ್ಕರೆ ಹೋಗಾಕ ಬರತೈತಿ, ಮರೆ ಇರತೈತಿ. ಬ್ಯಾಸಗ್ಯಾಗ ಹೊಲ ಎಲ್ಲಾ ಬೋಳು. ನಸಿಕಿನ್ಯಾಗ ಒಮ್ಮೆ, ಹೊತ್ತ ಮುಳಗಿದ ಮ್ಯಾಲೆ ಒಮ್ಮೆ. ನಡುವ ನಾವ್ಯಾರೂ ನೀರ ಮುಟ್ಟೂದಿಲ್ಲರಿ. ಯಾ ಊರಾಗೂ ಮುಟ್ಟೂದಿಲ್ಲ."

ನಾನು ಹೆಂಡತಿಯನ್ನು ನೋಡಿದೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಅಬಲೂರಿನಲ್ಲಿ ಕೊಡ ಹೊತ್ತು ಬಂದು ನನ್ನ ಚರಿಗೆ ತುಂಬಿಸುತ್ತಿದ್ದವಳು ಸಂಜೆಯವರೆಗೆ ಗಂಟಲು ಒಣಗಿಸಿಕೊಂಡಿದ್ದಳು. ಮಣ್ಣನ್ನು ದೂರಿದೆ, ಹಂಡೆ ಕೆರೆದೆ, ಸುಣ್ಣವನ್ನು ಶಂಕಿಸಿದೆ, ಇದನ್ನು ಕೇಳಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಏನಾದರೂ ಮಾಡಬೇಕಿತ್ತು. ಮಾಡಿದ್ದು ಮತ್ತೊಂದು ಮೂರ್ಖತನ. ಮನೆಯ ಜಮಖಾನೆ ಎತ್ತಿಕೊಂಡು ಹೊರಗೆ ಹೋಗಿ, ಬಚ್ಚಲ ಕಂಡಿ ಮುಚ್ಚುವಂತೆ ಗೋಡೆಯ ಗೂಟಕ್ಕೆ ಕಟ್ಟತೊಡಗಿದೆ. ಕಟ್ಟೆಯ ಮೇಲಿನವರ ಆಟ ನಿಂತಿತು.

"ಏನ್ರಿ ಮಾಸ್ತರ್ರ, ಬಯಲಾಟ ಐತೇನ್ರಿ? ಪರದೆ ಭಾರೀ ಆತು!"

ಎಲ್ಲರೂ ನಕ್ಕರು. ಒಳಗಿನಿಂದ ಆಯಿ ಹಣೆ ಬಡಿದುಕೊಂಡಳು. "ಡಂಗುರ ಹೊಡಸಿದಂಗ ಮಾಡಿದ್ರಿ. ಈಗ ಎಲ್ಲಾರ ಕಣ್ಣೂ ಅಲ್ಲೇ ನೋಡ್ರಿ."

ಜಮಖಾನೆ ಬಿಚ್ಚಿದೆ. ಕಟ್ಟೆಯ ಮೇಲೆ ಎಂಟು-ಹತ್ತು ಜನ. ಎದ್ದು ಹೋಗಿರಿ ಎಂದು ಬೈದರೆ ಯಾಕೆ ಎಂದು ಕೇಳುತ್ತಾರೆ. ಯಾಕೆಂದು ಹೇಳಿದರೆ ಅವಳು ಸತ್ತರೂ ನೀರು ಮುಟ್ಟುವುದಿಲ್ಲ. ಆಗ ನನ್ನ ಹುಚ್ಚೇ ನೆನಪಿಗೆ ಬಂತು. ನಾನು ಹರಳಿನ ಮಾಸ್ತರ ಎಂಬುದು ಅವರಿಗೆಲ್ಲ ಗೊತ್ತು.

"ಬರ್ರಿ ಎಲ್ಲಾರೂ ಸಾಲಿಗೆ. ನಾಲ್ಕು ಊರಿನ ಹರಳು ಭೂತಗನ್ನಡ್ಯಾಗ ತೋರಸ್ತೇನಿ" ಎಂದೆ.

"ಇಲ್ಲೇ ತರ್ರಿ, ಬಿಸಲಾಗ ಯಾರ್ ಬರ್ತಾರ."

"ಭೂತಗನ್ನಡಿ ಸರಕಾರದ್ದು. ಸಾಲಿ ಬಿಟ್ಟು ಹೊರಗ ತರೂಹಂಗಿಲ್ಲ" ಎಂದು ಸುಳ್ಳು ಹೇಳಿದೆ. ಹಾಸಿಗೆ ಹೊಲಿಯುವ ಪಿಂಜಾರ ಹಿರಿಯರು ಮೊದಲು ಎದ್ದರು. ಅವರ ಹರಳೂ ನನ್ನ ಪೊಟ್ಟಣದಲ್ಲಿತ್ತು, ದೊಡ್ಡದಾಗಿ ಕಾಣುತ್ತದೆಯೋ ನೋಡುವ ಆಸೆ. ಅವರ ಹಿಂದೆ ಉಳಿದವರೂ ಎದ್ದರು. ಓಣಿ ದಾಟುವಾಗ ನಾನು ಹಿಂದೆ ತಿರುಗಿ ನೋಡಲಿಲ್ಲ. ತಿರುಗಿದರೆ ಅವರೂ ತಿರುಗಿ ನೋಡುತ್ತಾರೆ ಎಂಬ ಭಯ.

ಸಾಲೆಯ ತಂಪು ಕೋಣೆಯಲ್ಲಿ ಪೊಟ್ಟಣಗಳನ್ನು ಒಂದೊಂದಾಗಿ ಬಿಚ್ಚಿದೆ. ಹಾನಗಲ್ಲಿನದು ಕಂದು, ಮುಳ್ಳುಮುಳ್ಳು. ಹಿರೇಕೆರೂರ ಕಡೆಯದು ಹಳದಿ, ನುಣುಪು. ಸವಣೂರಿನದು ಬಿಳುಪು. ಶಿಗ್ಗಾವಿಯದು ಎಲ್ಲದರ ಬೆರಕೆ. ಭೂತಗನ್ನಡಿಯ ಕೆಳಗೆ ಅವು ಗುಡ್ಡ ಕಣಿವೆಗಳಾಗಿ ಕಾಣುತ್ತಿದ್ದವು. ಬೇರೆ ದಿನವಾಗಿದ್ದರೆ ನಾನೂ ಮೈಮರೆಯುತ್ತಿದ್ದೆ. ಅಂದು ಬಾಯಿ ಮಾತ್ರ ಆಡುತ್ತಿತ್ತು, ಕಿವಿಯೆಲ್ಲ ಓಣಿಯ ಕಡೆ. ಅಳುವ ಸಪ್ಪಳ ಬರುತ್ತದೋ ಎಂದು ಕೇಳುತ್ತಿದ್ದೆ. ಯಾರಾದರೂ ಏಳಲು ನೋಡಿದರೆ ಇನ್ನೊಂದು ಪೊಟ್ಟಣ ಬಿಚ್ಚುತ್ತಿದ್ದೆ. ಪೊಟ್ಟಣ ಮುಗಿದ ಮೇಲೆ, ಹರಳು ಯಾಕೆ ಆಗುತ್ತದೆ ಎಂದು ನೀವೇ ಹೇಳಿರಿ ಎಂದೆ. ಅದು ಅವರನ್ನು ಎರಡು ತಾಸು ಹಿಡಿದಿಟ್ಟಿತು. ಒಬ್ಬರು ಬದನೆಕಾಯಿ ಎಂದರು, ಒಬ್ಬರು ರೇಶನ್ನಿನ ಅಕ್ಕಿಯಲ್ಲಿನ ಕಲ್ಲು ಎಂದರು.

ಆಗ ಗೋಡೆಗೆ ಒರಗಿ ಕುಳಿತಿದ್ದ ಗಾಣದ ಯಜಮಾನ ಯಾರನ್ನೂ ನೋಡದೆ, "ನಮ್ಮಾಕಿಗೂ ಹಿಂಗ ಪಕ್ಕಿ ಹಿಡಿತೈತ್ರಿ" ಎಂದ. ಯಾರೂ ನಗಲಿಲ್ಲ. ಭೂತಗನ್ನಡಿ ಕೆಳಗಿಟ್ಟು ಮತ್ತೊಬ್ಬ, "ನಮ್ಮ ಅವ್ವಗೂ ಇತ್ತು" ಎಂದ. ಕಾರಣ ಹೇಳಲು ನನ್ನ ಬಾಯಿಗೆ ಬಂದಿತ್ತು. ಹೇಳುವ ಧೈರ್ಯವಾಗಲಿಲ್ಲ. ಇಷ್ಟು ವರ್ಷ ಬಾಯಿ ತೆರೆದರೆ ಹರಳಿನ ಮಾತನಾಡಿದವನು ಅಂದು ಸುಮ್ಮನೆ ಪೊಟ್ಟಣ ಮಡಚಿದೆ.

ಬಿಸಿಲು ಇಳಿದ ಮೇಲೆ ಡಾಕ್ಟರರನ್ನು ಕರೆದುಕೊಂಡೇ ಮನೆಗೆ ಹೋದೆ. ಹೆಂಡತಿ ಗೋಡೆಗೆ ಒರಗಿ ಕುಳಿತಿದ್ದಳು. ಮುಖ ಬಿಳುಚಿತ್ತು, ಆದರೆ ಹಣೆ ತಣ್ಣಗಿತ್ತು. ದಾರಿ ಬಿಟ್ಟಿದೆ ಎಂದು ಆಯಿ ಡಾಕ್ಟರರಿಗೆ ಹೇಳಿದಳು. ಹರಳು ಬೀಳಲು ಮುಂದೆ ಮೂರು ದಿನ ಹಿಡಿಯಿತು, ಆದರೆ ಅವರು ಆಗಲೇ ರೈಲಿನ ಮಾತು ಬಿಟ್ಟರು. ನಾನು ಅಡಿಗೆಮನೆಗೆ ಹೋಗಿ, ಯಾರಿಗೂ ಕಾಣದಂತೆ ಅತ್ತು ಮುಖ ತೊಳೆಯಲೆಂದು ಕೊಡ ಬಗ್ಗಿಸಿದೆ. ಖಾಲಿ. ಎರಡನೆಯದೂ ಖಾಲಿ. ಹಂಡೆಯಲ್ಲಿ ತಳದ ನೀರೂ ಇರಲಿಲ್ಲ. ಒಬ್ಬಳೇ ಒಂದು ಮಧ್ಯಾಹ್ನದಲ್ಲಿ ಇಷ್ಟು ಕುಡಿಯಲು ಸಾಧ್ಯವೇ ಇಲ್ಲ.

ಹೊರಗೆ ಬಂದು ನೋಡಿದಾಗ ಪಡಸಾಲೆಯ ಮೂಲೆಯಲ್ಲಿ ಆಯಿಯ ಸೊಸೆ, ಮೂಲೆಮನೆಯ ಹುಡುಗಿ, ಗಾಣದ ಯಜಮಾನನ ಹೆಂಡತಿ, ಇನ್ನೂ ನಾಲ್ಕಾರು ಹೆಂಗಸರು ಸೆರಗು ಎಳೆದುಕೊಂಡು ಏಳುತ್ತಿದ್ದರು. ಒಬ್ಬಳ ಕೈಯಲ್ಲಿ ಇನ್ನೂ ನಮ್ಮ ಚರಿಗೆ ಇತ್ತು. ಅದನ್ನು ಕೆಳಗಿಟ್ಟು ಅವಳೂ ಹೊರಟಳು.

"ನೀರೆಲ್ಲಾ ಏನಾತು?" ಎಂದು ಹೆಂಡತಿಯನ್ನು ಕೇಳಿದೆ.

"ಎಲ್ಲಾರೂ ಕುಡದ್ವಿ" ಎಂದಳು. ಬೀದಿಯಲ್ಲಿ ಗಂಡಸರು ಮತ್ತೆ ಕಟ್ಟೆ ಏರುವ ಸಪ್ಪಳ ಕೇಳಿಸುತ್ತಿತ್ತು. ಅವಳು ಅತ್ತ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದಳು:

"ನಾಳಿಗೂ ಅವರನ್ನ ಕರಕೊಂಡ ಹೋಗ್ತೀರೇನ್ರಿ?"